ನವನಗರದ ಆಯಿ ಮತ್ತು ಒಂದು ವಹಿ: ಮನೆಯಲ್ಲೇ ಉಳಿದು ಮಾಡುವ ಆರೈಕೆಯ ಪ್ರಕರಣ ಅಧ್ಯಯನ

ಮನೆ ಬಾಗಲಕೋಟೆಯ ನವನಗರದ್ದು. ಆಲಮಟ್ಟಿಯ ಹಿನ್ನೀರು ಹಳೇ ಊರಿಗೆ ಬಂದ ಮೇಲೆ ಪುನರ್ವಸತಿಯ ಪ್ಲಾಟಿನಲ್ಲಿ ಕಟ್ಟಿಸಿದ್ದು. ಮುಂದೆ ಮೂರು ಪಾವಟಿಗೆ, ಒಳಗೆ ಪಡಸಾಲೆ, ಎರಡು ಖೋಲಿ, ಅಡುಗೆಮನೆ. ಬಚ್ಚಲು ಮತ್ತು ಪಾಯಖಾನೆ ಹಿತ್ತಲಲ್ಲಿ. ಆಯಿಗೆ 77 ವರ್ಷ, ತೂಕ 52 ಕಿಲೋ. ಯಜಮಾನರು ತೀರಿಹೋಗಿದ್ದಾರೆ. ಮಗ ಪುಣೆಯಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು, ಬಿಪಿ ಅದಕ್ಕಿಂತ ಹಳೆಯದು. ಹೆಸರು, ಸೆಕ್ಟರ್ ಇಲ್ಲಿ ಬೇಕಿಲ್ಲ.

ಜನವರಿಯ ಒಂದು ನಸುಕಿನಲ್ಲಿ ಹಿತ್ತಲ ಫರಸಿ ಮೇಲೆ ಕಾಲು ಜಾರಿ ಆಯಿ ಬಿದ್ದರು. ತೊಡೆ ಮೂಳೆಯ ಕುತ್ತಿಗೆ ಮುರಿಯಿತು. ಚೆಂಡಿನ ಭಾಗವನ್ನಷ್ಟೇ ಬದಲಿಸುವ ಅರ್ಧ ಕೀಲಿನ ಶಸ್ತ್ರಚಿಕಿತ್ಸೆ ಆಯಿತು. ಆರನೇ ದಿನ ಮನೆಗೆ ಬಂದರು. ಮಗ ಮೂರು ವಾರ ರಜೆ ಹಾಕಿ ಇದ್ದ. ಅವನು ಹೊರಡುವ ಹೊತ್ತಿಗೆ ಬೀಳಗಿ ತಾಲೂಕಿನ ಹಳ್ಳಿಯಿಂದ 41 ವರ್ಷದ ಹೆಣ್ಣುಮಗಳೊಬ್ಬಳು ಹಗಲು ರಾತ್ರಿ ಉಳಿದು ನೋಡಿಕೊಳ್ಳಲು ಬಂದಳು. ಏಳನೇ ಇಯತ್ತೆ ಓದಿದವಳು, ಹಿಂದೆ ಎರಡು ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವಳು. ಕರಾರೆಲ್ಲ ಬಾಯಿಮಾತಿನದೇ: "ಅವ್ವನ್ನ ಚಂದಂಗ ನೋಡ್ಕೊಳ್ರಿ ಅಕ್ಕಾರ, ಏನೂ ಕೆಲಸ ಮಾಡಸಬ್ಯಾಡ್ರಿ."

ಈ ಪ್ರಕರಣದ ಅರ್ಧ ಪಾಲು ತೊಂದರೆ ಶುರುವಾದದ್ದು ಆ ಕೊನೆಯ ಮಾತಿನಿಂದ.

ಮೊದಲ ಐದು ವಾರ

ಮಗ ಹೇಳಿದ್ದನ್ನು ಆಕೆ ಚಾಚೂ ತಪ್ಪದೆ ಮಾಡಿದಳು. ಚಹಾ ಕಾಟಿನ ಮೇಲೆ, ಊಟ ಕಾಟಿನ ಮೇಲೆ. ರೊಟ್ಟಿ ಮುರಿದು ಬಾಯಿಗಿಡುವುದು, ಬೆಡ್‌ಪ್ಯಾನು, ಮೈ ಒರೆಸುವುದು ಎಲ್ಲವೂ ಅಲ್ಲೇ. ನೀರಿನ ತಂಬಿಗೆ ಎತ್ತಿಕೊಳ್ಳಲು ಆಯಿ ಕೈ ಚಾಚಿದರೆ "ಬಿಡ್ರಿ ಆಯಿ, ನಾ ಅದೀನಿ" ಎಂದು ತಾನೇ ಎತ್ತಿ ಕುಡಿಸುವಳು. ವಿಡಿಯೋ ಕಾಲಿನಲ್ಲಿ ನೋಡಿದ ಮಗನಿಗೆ ಸಮಾಧಾನ, ಓಣಿಯವರಿಗೆ ಮೆಚ್ಚುಗೆ.

ಐದು ವಾರದ ನಂತರ ತಪಾಸಣೆಗೆ ಹೋದಾಗ ಗಾಯ ಮಾಯ್ದಿತ್ತು, ಕೀಲು ತನ್ನ ಜಾಗದಲ್ಲಿ ಗಟ್ಟಿಯಾಗಿತ್ತು. ಆದರೆ ಕುರ್ಚಿಯಿಂದ ಕೈ ಊರದೆ ಏಳಲು ಆಯಿಗೆ ಒಂದು ಸಲವೂ ಆಗಲಿಲ್ಲ. ಎರಡೂ ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವ ಪರೀಕ್ಷೆ ಇದು. 75ರಿಂದ 79 ವರ್ಷದ ಹೆಂಗಸರಲ್ಲಿ ಎಣಿಕೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಕೈ ಊರಿದರೆ ಎಣಿಕೆ ಸೊನ್ನೆ. ಇವರದು ಸೊನ್ನೆ.

ವಯಸ್ಸಾದವರ ಕಾಲಿನ ಶಕ್ತಿ ಕೂತಲ್ಲೇ ಎಷ್ಟು ಬೇಗ ಕರಗುತ್ತದೆ ಎಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಕಾಯಿಲೆ ಇಲ್ಲದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದಾಗ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಇಲ್ಲಿ ಐದು ವಾರ, ಮೇಲೆ ಶಸ್ತ್ರಚಿಕಿತ್ಸೆ, ಮೇಲೆ ಅರ್ಧ ಊಟ. ಆಕೆಯದು ಅಲಕ್ಷ್ಯವಾಗಿರಲಿಲ್ಲ, ಅತಿ ಲಕ್ಷ್ಯವಾಗಿತ್ತು. ಕಾಟಿನಿಂದ ಕಮೋಡ್ ಕುರ್ಚಿಗೆ ಆಯಿ ತಾವೇ ಎದ್ದು ಹೋಗಬೇಕಿದ್ದ ದಿನದ ಏಳೆಂಟು ಸಲವೇ ಅವರ ವ್ಯಾಯಾಮವಾಗುತ್ತಿತ್ತು. ಬೆಡ್‌ಪ್ಯಾನು ಅದನ್ನು ಕಸಿದುಕೊಂಡಿತು.

ಹೋಳಿ ಹೊತ್ತಿನ ಅರಳು ಮರಳು

ಮಾರ್ಚ್ ಎರಡನೇ ವಾರ ಆಯಿ ಮಾತು ತಪ್ಪತೊಡಗಿದರು. ತೀರಿಹೋದ ತಂಗಿಯ ಹೆಸರಿನಿಂದ ಆಕೆಯನ್ನು ಕರೆದರು. ಹಳೇ ಊರಿನ ಮನೆ ಬಾಗಿಲು ಹಾಕಿದಿರೋ ಇಲ್ಲವೋ ಎಂದು ರಾತ್ರಿ ಕೇಳಿದರು. ಊಟ ಬೇಡ, ಹೊಟ್ಟೆ ತೊಳಸುತ್ತದೆ ಅಂದರು. ನಿಂತರೆ ತೂರಾಡುವರು. ರಾತ್ರಿ ಐದು ಸಲ ಮೂತ್ರಕ್ಕೆ ಏಳುವರು. ಅದು ಬಾಗಲಕೋಟೆಯ ಹೋಳಿಯ ಕಾಲ, ಓಣಿಯಲ್ಲಿ ದಿನಗಟ್ಟಲೆ ಹಲಗೆ ಸದ್ದು. ನಿದ್ದೆಗೆಟ್ಟು ಹೀಗಾಗಿದೆ ಎಂದು ಕೆಲವರು, ವಯಸ್ಸಾಯಿತು, ಅರಳು ಮರಳು ಎಂದು ಉಳಿದವರು. ಅತ್ತ ಎರಡು ವಾರ ಸರಿಯಾಗಿ ಕಣ್ಣು ಮುಚ್ಚದ ಹೆಣ್ಣುಮಗಳು ಮಗನಿಗೆ ಫೋನ್ ಮಾಡಿ "ನನ್ನ ಕೈಲೆ ಆಗೂದಿಲ್ರಿ ಅಣ್ಣಾರ, ನಾ ಊರಿಗೆ ಹೊಕ್ಕೀನಿ" ಅಂದಳು. ಬೇರೆಯವರನ್ನು ಹುಡುಕುವ ಮಾತು ನಡೆಯಿತು.

ಮಗಳು ಹುಬ್ಬಳ್ಳಿಯಿಂದ ಬಂದಳು. ನೋಡಿಕೊಳ್ಳುವ ಹೆಣ್ಣುಮಗಳು ಹಿಂದಿನ ಮನೆಯಲ್ಲಿ ಕಲಿತ ರೂಢಿಯಂತೆ ಒಂದು ನೂರು ಪುಟದ ವಹಿ ಇಟ್ಟಿದ್ದಳು. ಅದನ್ನು ಅಲ್ಲಿಯವರೆಗೆ ಯಾರೂ ತೆರೆದು ನೋಡಿರಲಿಲ್ಲ. ಪುಟಕ್ಕೊಂದು ದಿನ, ಅಡ್ಡಗೆರೆ ಹಾಕಿ ಹಗಲು ರಾತ್ರಿ ಎಂದು ಎರಡು ಭಾಗ. ಮೂತ್ರಕ್ಕೆ ಒಂದೊಂದು ಉದ್ದಗೆರೆ. ರೊಟ್ಟಿಗೆ ಸೊನ್ನೆ, ಅರ್ಧ ತಿಂದರೆ ಅರ್ಧ ಸೊನ್ನೆ. ಕೆಳಗೆ ಪೆನ್ಸಿಲಿನಲ್ಲಿ: "ನಿಂತ್ರ ಚಕ್ಕರ", "ಕಾಲು ಬಾತಾವ", "ಹೊಸ ಗುಳಿಗಿ ಸುರು". ಪುಟ ಹಿಂದಕ್ಕೆ ತಿರುವಿದಾಗ ಹೊಸ ಗುಳಿಗೆಯ ಹಿಂದಿನ ವಾರ ರಾತ್ರಿಯ ಗೆರೆ ಎರಡು, ನಂತರದ ವಾರ ನಾಲ್ಕು, ಐದು. ರೊಟ್ಟಿಯ ಸೊನ್ನೆಗಳು ಅದೇ ದಿನಗಳಿಂದ ಅರ್ಧವಾಗಿದ್ದವು.

ಹಿರಿಯರಿಗೆ ಒಮ್ಮೆಲೇ ಬುದ್ಧಿ ಮಬ್ಬಾದರೆ ಮೊದಲು ನೋಡಬೇಕಾದದ್ದು ರಕ್ತದ ಸಕ್ಕರೆ, ಅದರಲ್ಲೂ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರು ಊಟ ಬಿಟ್ಟಿದ್ದರೆ. ಮನೆಯ ಯಂತ್ರದಲ್ಲಿ 118 ಬಂತು, ಅದಲ್ಲ ಎಂದು ಖಾತ್ರಿಯಾಯಿತು. 70ಕ್ಕಿಂತ ಕೆಳಗಿದ್ದಿದ್ದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆಯ ನೀರು ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡಬೇಕಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನಂತರ ಬಿಪಿ: ಕೂತಾಗ 132/74, ನಿಂತು ಒಂದು ನಿಮಿಷಕ್ಕೆ 104/62. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಚಕ್ಕರಿಗೆ ಕಾರಣ ಸಿಕ್ಕಂತೆ. ಮನೆಯ ಬಿಪಿ ಯಂತ್ರದಲ್ಲಿ ಎಲ್ಲರೂ ಕೂತೇ ನೋಡುತ್ತಾರೆ, ನಿಂತು ನೋಡುವವರು ಕಡಿಮೆ.

ಅದೇ ದಿನ ದವಾಖಾನೆಯಲ್ಲಿ ರಕ್ತ ಕೊಟ್ಟರು. ರಕ್ತದ ಉಪ್ಪಿನಂಶವಾದ ಸೋಡಿಯಂ 124. ಇರಬೇಕಾದದ್ದು 135ರಿಂದ 145. ಬುದ್ಧಿ ಮಬ್ಬಾದದ್ದು ಇದರಿಂದ.

ಕಾರಣ ಗುಳಿಗೆಯ ಡಬ್ಬಿಯಲ್ಲೇ ಇತ್ತು. ಆಯಿ ವರ್ಷಗಳಿಂದ ಬೆಳಿಗ್ಗೆ ನುಂಗುತ್ತಿದ್ದ ಬಿಪಿ ಗುಳಿಗೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ 12.5 ಮಿಲಿಗ್ರಾಂ ಹೈಡ್ರೋಕ್ಲೋರೋಥಯಜೈಡ್ ಕೂಡಿತ್ತು, ಅಂದರೆ ಮೂತ್ರ ಹೆಚ್ಚಿಸುವ ನೀರಿನ ಗುಳಿಗೆ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬಿಪಿ ಏರಿತೆಂದು ಆಮ್ಲೋಡಿಪಿನ್ ಸೇರಿತು. ಆಮ್ಲೋಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ, ಆಯಿಗೂ ಊದಿಸಿತು. ಕಾಲು ಇಳಿಬಿಟ್ಟು ದಿನವಿಡೀ ಕೂತದ್ದು ಅದಕ್ಕೆ ಜೊತೆಯಾಯಿತು. ಬಾತ ಪಾದದ ಫೋಟೋ ಫೋನಿನಲ್ಲಿ ಇನ್ನೊಬ್ಬ ವೈದ್ಯರಿಗೆ ಹೋಯಿತು, ಹಳೆಯ ಚೀಟಿ ಹೋಗಲಿಲ್ಲ. ಅವರು ಕ್ಲೋರ್ಥಾಲಿಡೋನ್ ಬರೆದರು. ಅದೂ ಅದೇ ಜಾತಿಯ ನೀರಿನ ಗುಳಿಗೆ. ಹೊಸದೆಂದು ಆಕೆ ಅದನ್ನು ರಾತ್ರಿ ಊಟದ ಗುಳಿಗೆಗಳ ಜೊತೆ ಇಟ್ಟಳು. ಬೆಳಿಗ್ಗೆ ಒಂದು, ರಾತ್ರಿ ಒಂದು, ಹೆಸರು ಬೇರೆ, ಕೆಲಸ ಒಂದೇ. ಇದರ ಮೇಲೆ ಬಿಪಿ ಎಂದು ಉಪ್ಪು ಬಹುತೇಕ ಬಿಡಿಸಿದ್ದರು, ಬಿಸಿಲು ಎಂದು ದಿನಕ್ಕೆ ಮೂರು ಲೀಟರ್ ನೀರು ಒತ್ತಾಯದಿಂದ ಕುಡಿಸುತ್ತಿದ್ದರು. ಈ ಜಾತಿಯ ಗುಳಿಗೆ ನುಂಗುವ ವಯಸ್ಸಾದ, ಹಗುರ ಮೈಯ ಹೆಂಗಸರಲ್ಲಿ ಸೋಡಿಯಂ ಇಳಿಯುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅಪಾಯ. ಒಳ್ಳೆಯದಕ್ಕೆಂದು ಮಾಡಿದ ನಾಲ್ಕು ಕೆಲಸ ಒಂದೇ ಕಡೆ ಜಗ್ಗಿದವು.

ದವಾಖಾನೆಯಲ್ಲಿ ನಾಲ್ಕು ದಿನ ಇರಿಸಿಕೊಂಡರು. ಸೋಡಿಯಂ ಇಳಿದಿದೆ ಎಂದು ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡಲು ಹೋಗಬಾರದು. 24 ತಾಸಿನಲ್ಲಿ 8ರಿಂದ 10 ಅಂಕಿಗಿಂತ ಹೆಚ್ಚು ಏರಿದರೆ ಮಿದುಳಿಗೇ ಪೆಟ್ಟಾಗಬಹುದು, ಅದಕ್ಕೇ ಆಗಾಗ ರಕ್ತ ನೋಡುತ್ತ ನಿಧಾನ ಏರಿಸುತ್ತಾರೆ. ಎರಡೂ ನೀರಿನ ಗುಳಿಗೆ ನಿಂತವು, ಟೆಲ್ಮಿಸಾರ್ಟಾನ್ ಒಂಟಿಯಾಗಿ ಉಳಿಯಿತು, ಆಮ್ಲೋಡಿಪಿನ್ ಅರ್ಧವಾಯಿತು. ಇದನ್ನು ಮಾಡಿದವರು ವೈದ್ಯರು. ಮನೆಯವರು ತಾವೇ ಗುಳಿಗೆ ನಿಲ್ಲಿಸಿದರೆ ಬೇರೊಂದು ಅನಾಹುತ. ಹತ್ತನೇ ದಿನಕ್ಕೆ ಆಯಿ ಆಕೆಯನ್ನು ಆಕೆಯ ಹೆಸರಿನಿಂದಲೇ ಕರೆದರು. ಮರೆವಿನ ಕಾಯಿಲೆಯೆಂದು ತೀರ್ಮಾನವಾಗುವುದು ಕೂದಲೆಳೆಯಲ್ಲಿ ತಪ್ಪಿತು.

ಈಗ ಮನೆಯಲ್ಲಿ ಎಲ್ಲ ಗುಳಿಗೆಗೂ ಒಂದೇ ಹಾಳೆ ಇದೆ. ಅದರಲ್ಲಿ ಕಂಪನಿಯ ಹೆಸರಿನ ಪಕ್ಕ ಒಳಗಿನ ಔಷಧದ ಹೆಸರು, ಯಾತಕ್ಕೆ, ಯಾವ ಹೊತ್ತಿಗೆ, ಯಾರು ಯಾವ ದಿನ ಬರೆದದ್ದು. ಯಾವ ವೈದ್ಯರಲ್ಲಿಗೆ ಹೋದರೂ ಈ ಹಾಳೆ ಮುಂದಿಡದೆ ಹೊಸ ಗುಳಿಗೆ ಮನೆಗೆ ಬರುವಂತಿಲ್ಲ.

ಮನೆಯನ್ನು ತಿದ್ದಿದ್ದು

ಹಣ ಹೆಚ್ಚು ಹೋಗಲಿಲ್ಲ, ಅಳತೆಗೆ ಲಕ್ಷ್ಯ ಹೋಯಿತು. ನೆಲದಿಂದ ಮೊಣಕಾಲ ಹಿಂಬದಿಯ ಮಡಿಕೆಯವರೆಗೆ ಆಯಿಯ ಕಾಲು 16 ಇಂಚು. ಕೂರುವ ಎತ್ತರ ಅದಕ್ಕಿಂತ ಎರಡು ಇಂಚು ಹೆಚ್ಚಿರಬೇಕು, ಅಂದರೆ 18. ಕಾಟು ಗಾದಿ ಸೇರಿ 15 ಇಂಚು ಇತ್ತು. ಬಡಿಗನಿಂದ ನಾಲ್ಕು ಕಟ್ಟಿಗೆ ತುಂಡು ಮಾಡಿಸಿ, ಕಾಟಿನ ಕಾಲು ಜಾರದಂತೆ ಮಧ್ಯ ಕುಳಿ ತೋಡಿಸಿದರು. ಬರೀ ಇಟ್ಟಿಗೆ ಇಟ್ಟರೆ ಮೈಭಾರ ಅಂಚಿಗೆ ಬಂದಾಗ ಕಾಟು ಸರಿದುಬಿಡುತ್ತದೆ. ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿ ಹೋಗಿ ತೋಳಿರುವ ಕಟ್ಟಿಗೆ ಕುರ್ಚಿ ಬಂತು.

ಬಚ್ಚಲ ಗೋಡೆಯಲ್ಲಿ ಹಿಡಿಕೆ ಮೊದಲೇ ಇದೆ ಎಂದು ಮಗ ಹೇಳಿದ್ದ. ಅದು ಟವೆಲ್ ಹಾಕುವ ಸರಳು, ಎರಡು ಸಣ್ಣ ಸ್ಕ್ರೂ ಮೇಲೆ ನಿಂತದ್ದು. ಬೀಳುವ ಮನುಷ್ಯ ಹಿಡಿದರೆ ಸರಳು ಸಮೇತ ಬೀಳುತ್ತಾನೆ. ಗೋಡೆಯ ಗಿಲಾವು ದಾಟಿ ಇಟ್ಟಿಗೆಗೆ ಹಿಡಿಯುವ ಬೋಲ್ಟಿನಿಂದ ಸ್ಟೀಲಿನ ದಪ್ಪ ಹಿಡಿಕೆ ಕೂರಿಸಿದರು. ದಪ್ಪ ಒಂದೂಕಾಲು ಇಂಚು, ಗೋಡೆಯಿಂದ ಅಂತರ ಒಂದೂವರೆ ಇಂಚು, ನೆಲದಿಂದ 34 ಇಂಚು. ಅಂತರ ಹೆಚ್ಚಾದರೆ ಮೊಣಕೈ ಸಿಕ್ಕಿಬೀಳುತ್ತದೆ. ಹಿತ್ತಲ ಫರಸಿಯ ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುತ್ತಾರೆ. ಹೊಸ್ತಿಲು ಮೂರು ಇಂಚಿನದು, ಒಡೆಯಲು ಆಯಿ ಒಪ್ಪಲಿಲ್ಲ. ಎರಡೂ ಬದಿ ಇಳಿಜಾರು ಸಿಮೆಂಟು ಹಾಕಿ ಅಂಚಿಗೆ ಹಳದಿ ಬಣ್ಣ ಬಳಿದರು. ಹಳದಿ ಎಂದರೆ ಅರಿಷಿಣವೇ ಅಲ್ಲವೆ ಎಂದಾಗ ಆಯಿಗೂ ಸರಿಬಂತು.

ವಾಕರಿನ ಎತ್ತರ: ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಬರಬೇಕು. ಇವರ ವಾಕರು ಅಂಗಡಿಯಿಂದ ಬಂದಂತೆಯೇ ಎರಡು ತೂತು ಎತ್ತರವಿತ್ತು, ಹೆಗಲು ಕಿವಿಗೇರಿತ್ತು. ಕಾಲಿನ ರಬ್ಬರ್ ಬುಡದ ಗೆರೆಗಳು ಸವೆದು ನುಣ್ಣಗಾದರೆ ಬದಲಿಸಬೇಕು, ಫರಸಿಯ ಮೇಲೆ ಅದೇ ಮೊದಲು ಜಾರುವುದು.

ಸೀರೆಯ ಮಾತು ಯಾರೂ ಹೇಳಿಕೊಡುವುದಿಲ್ಲ. ಇಳಕಲ್ ಸೀರೆಯ ನೆರಿಗೆ ವಾಕರಿನ ಮುಂಗಾಲಿಗೆ ಸಿಕ್ಕು ಆಗಸ್ಟಿನಲ್ಲಿ ಒಮ್ಮೆ ಆಯಿ ಮುಗ್ಗರಿಸಿದರು. ಆಕೆ ಪಕ್ಕದಲ್ಲಿದ್ದುದರಿಂದ ಬೀಳಲಿಲ್ಲ. ನೈಟಿ ಹಾಕಿರಿ ಎಂಬ ಮಾತು ಮನೆಯಲ್ಲಿ ಎದ್ದಿತು, ಆಯಿ ಒಲ್ಲೆ ಅಂದರು, ಒತ್ತಾಯ ಮಾಡಲಿಲ್ಲ. ಈಗ ಹಳೆಯ ಮೆತ್ತನೆ ಸೀರೆಗಳನ್ನೇ ಪಾದದ ಗಂಟಿಗಿಂತ ಮೂರು ಇಂಚು ಮೇಲೆ ಉಡುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಗುಳೇದಗುಡ್ಡ ಖಣದ ಕುಬಸ ಮಾತ್ರ ಇಲ್ಲಿ ದೊಡ್ಡ ಉಪಕಾರ ಮಾಡಿತು: ಮುಂದೆ ಗಂಟು ಕಟ್ಟುವುದರಿಂದ ಕೈ ಹಿಂದೆ ತಿರುಗಿಸದೆ ತಾವೇ ಹಾಕಿಕೊಳ್ಳುತ್ತಾರೆ.

ಆರೈಕೆಯ ಹೊಸ ರೀತಿ

ದವಾಖಾನೆಯಿಂದ ಬಂದ ಮೇಲೆ ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಬಂದು ಆಕೆಗೇ ಕಲಿಸಿದರು. ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಜಗ್ಗಬಾರದು, ಹೆಗಲ ಕೀಲು ತಪ್ಪುತ್ತದೆ, ಆಕೆಯ ನಡವೂ ಹಿಡಿಯುತ್ತದೆ. ಸೊಂಟಕ್ಕೆ ಮಡಚಿದ ಗಟ್ಟಿ ಟವೆಲ್ ಸುತ್ತಿ ಅದನ್ನು ಹಿಂದಿನಿಂದ ಹಿಡಿಯಬೇಕು. ಆಯಿ ಕುರ್ಚಿಯ ಅಂಚಿಗೆ ಸರಿಯಬೇಕು, ಶಸ್ತ್ರಚಿಕಿತ್ಸೆಯಾದ ಕಾಲು ತುಸು ಮುಂದೆ, ಒಳ್ಳೆಯ ಕಾಲು ಹಿಂದೆ, ಎರಡೂ ಕೈ ಕುರ್ಚಿಯ ತೋಳಿನ ಮೇಲೆ, ವಾಕರಿನ ಮೇಲಲ್ಲ. ಎದ್ದ ಮೇಲೆ ಹತ್ತು ಎಣಿಸಿ ನಂತರ ಹೆಜ್ಜೆ. ಮೊದಲ ಮೂರು ತಿಂಗಳು ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ನೆಲಕ್ಕೆ ಕೂರಬಾರದು.

ಪ್ರತಿ ಊಟಕ್ಕೆ ಮುಂಚೆ ಐದು ಸಲ ಎದ್ದು ಕೂರುವುದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ. ಆದರೆ ಆಯಿಯ ಕಾಲಿಗೆ ನಿಜವಾದ ಬಲ ಬಂದದ್ದು ರೊಟ್ಟಿಯಿಂದ. ನೆಲಕ್ಕೆ ಕೂತು ಬಡಿಯುವ ಕೈ ಅದು. 24 ಇಂಚಿನ ಸ್ಟೂಲು ತರಿಸಿ ಕಟ್ಟೆಯ ಮುಂದೆ ಇಟ್ಟರು. ಹಿಟ್ಟಿಗೆ ಎಸರು ಹಾಕಿ ಕಲಸುವುದು ಆಕೆ, ಹಂಚಿನ ಬಿಸಿ ಆಕೆಯದು. ನಾದಿ ಬಡಿಯುವುದು ಆಯಿ. ಮೊದಲ ದಿನ ಒಂದೇ ರೊಟ್ಟಿ, ಅದೂ ಹರಿಯಿತು. ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಮೂರು. ಎರಡನೇ ತಿಂಗಳಲ್ಲಿ ಮೂರನೆಯ ರೊಟ್ಟಿಯನ್ನು ಸ್ಟೂಲಿನಿಂದ ಎದ್ದು ನಿಂತೇ ಬಡಿದರು. "ಹಿಟ್ಟ ಬಿರಸ ಆಗೇತಿ ತಂಗಿ, ನೀರ ಕೊಡು" ಎಂದು ಕೆಲಸ ಹೇಳುವ ಸ್ವರವೂ ಆ ಹೊತ್ತಿಗೇ ಮರಳಿತು. ಬೆಳ್ಳುಳ್ಳಿ ಸುಲಿಯುವುದು, ಕಾಳು ಹಸನು ಮಾಡುವುದು, ಬಟ್ಟೆ ಮಡಚುವುದು ಅವರದೇ. ಸಮಯ ಮೂರು ಪಟ್ಟು ಹಿಡಿಯುತ್ತದೆ. ಆ ಸಮಯವನ್ನು ಕೊಡುವುದೇ ಆಕೆಯ ಕೆಲಸ ಎಂದು ಮಗನಿಗೂ ಬಿಡಿಸಿ ಹೇಳಬೇಕಾಯಿತು, ಇಲ್ಲದಿದ್ದರೆ "ಅವ್ವ ರೊಟ್ಟಿ ಬಡೀತಾಳ, ಅಕ್ಕಾರು ಏನ್ಮಾಡ್ತಾರ?" ಎಂಬ ಪ್ರಶ್ನೆ ಬರುತ್ತದೆ. ಇಲ್ಲೂ ಬಂತು.

ಸ್ನಾನ ನಸುಕಿನಿಂದ ಹತ್ತು ಗಂಟೆಗೆ ಸರಿಯಿತು. ಕುರ್ಚಿಯ ಮೇಲೆ ಕೂತೇ ಸ್ನಾನ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು. ಬೆನ್ನು ಮತ್ತು ಪಾದ ಮಾತ್ರ ಆಕೆ ತಿಕ್ಕುತ್ತಾಳೆ.

ಊಟದ ಲೆಕ್ಕ ಹೀಗೆ. ಈ ವಯಸ್ಸಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು, ಅಂದರೆ 52ರಿಂದ 62 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕವಲ್ಲ, ಆಯಿಯ ವರದಿ ಸರಿಯಿತ್ತು. ಅವರದು ಸಸ್ಯಾಹಾರ. ಎರಡು ಲೋಟ ಹಾಲಿಗೆ 13 ಗ್ರಾಂ, 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗೆ 10, 30 ಗ್ರಾಂ ಬೇಳೆಗೆ 7, ಒಂದು ಬಟ್ಟಲು ಮೊಸರಿಗೆ 5, ಒಂದು ಹಿಡಿ ಶೇಂಗಾ ಹಿಂಡಿಗೆ 7, 40 ಗ್ರಾಂ ಕಡಲೆಹಿಟ್ಟಿನ ಜುಣಕಕ್ಕೆ 8, ಸಂಜೆಯ ಪುಟಾಣಿ ಪುಡಿಗೆ 5. ಕೂಡಿದರೆ 55. ಹಲ್ಲಿನ ಸೆಟ್ ಇರುವುದರಿಂದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡುತ್ತಾರೆ. ಉಪ್ಪು ರೂಢಿಯಂತೆ, ಉಪ್ಪಿನಕಾಯಿ ಹಪ್ಪಳ ಮಾತ್ರ ಕಡಿಮೆ. ನೀರು ಮಜ್ಜಿಗೆ ಸೇರಿ ವೈದ್ಯರು ಹೇಳಿದ ಒಂದೂವರೆ ಲೀಟರ್ ಆಸುಪಾಸು. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ಹೆಚ್ಚಿಸಬೇಕು ಎಂದು ಅವರನ್ನೇ ಕೇಳಿ ಹಾಳೆಯಲ್ಲಿ ಬರೆದಿದ್ದಾರೆ. ಸೋಮವಾರಕ್ಕೊಮ್ಮೆ ತೂಕ.

ರಾತ್ರಿ ಮತ್ತು ಆಕೆಯ ನಿದ್ದೆ

ಆಕೆ ಕಾಟಿನ ಬುಡದಲ್ಲಿ ನೆಲಕ್ಕೆ ಮಲಗುತ್ತಿದ್ದಳು. ಎದ್ದರೆ ಎಲ್ಲಿ ತುಳಿಯುತ್ತೇನೋ ಎಂದು ಆಯಿ ಅಡ್ಡ ಹೆಜ್ಜೆ ಇಡುವರು. ಕತ್ತಲಲ್ಲಿ ಇದಕ್ಕಿಂತ ಕೆಟ್ಟ ಏರ್ಪಾಡಿಲ್ಲ. ಈಗ ಪಕ್ಕದ ಖೋಲಿಯಲ್ಲಿ ಆಕೆಗೊಂದು ಕಾಟು, ಬಾಗಿಲು ತೆರೆದದ್ದು. ಆಯಿಯ ಕಾಟಿನ ಸರಳಿಗೆ ತಂತಿಯಿಲ್ಲದ ಕರೆಗಂಟೆಯ ಗುಂಡಿ ಕಟ್ಟಿದೆ. ಕಾಟಿಗೆ ತಾಗಿ ಕಮೋಡ್ ಕುರ್ಚಿ, ನೆಲಕ್ಕೆ ಹತ್ತಿರ ಸಣ್ಣ ದೀಪ. ಮಧ್ಯಾಹ್ನ ಮೂರರಿಂದ ಐದರವರೆಗೆ ಕಾಲ ಕೆಳಗೆ ತಲೆದಿಂಬಿಟ್ಟು ಮಲಗುತ್ತಾರೆ. ಪಾದದಲ್ಲಿ ಇಳಿದ ನೀರು ಹಗಲಲ್ಲೇ ಹೋಗಿಬಿಡುತ್ತದೆ, ಇಲ್ಲದಿದ್ದರೆ ರಾತ್ರಿ ಮಲಗಿದಾಗ ಅದೇ ಮೂತ್ರವಾಗಿ ಎಬ್ಬಿಸುತ್ತದೆ. ಆರರ ಮೇಲೆ ಚಹಾ ಇಲ್ಲ. ವಹಿಯಲ್ಲಿ ರಾತ್ರಿಯ ಗೆರೆ ಒಂದು, ಹೆಚ್ಚೆಂದರೆ ಎರಡು.

ಆಕೆ ಊರಿಗೆ ಹೋಗಲಿಲ್ಲ. ಆದರೆ ಉಳಿಸಿಕೊಂಡದ್ದು ಬರೀ ನಿದ್ದೆಯಲ್ಲ, ಬರವಣಿಗೆಯ ಕರಾರು. ಮಗಳು ಕನ್ನಡದಲ್ಲಿ ಒಂದು ಪುಟ ಬರೆದು ಇಬ್ಬರೂ ಸಹಿ ಮಾಡಿದರು. ಪಗಾರ ತಿಂಗಳ 5ರೊಳಗೆ ಬ್ಯಾಂಕಿಗೆ. ಮಧ್ಯಾಹ್ನ ಎರಡು ತಾಸು ಪೂರ್ತಿ ಬಿಡುವು. ವಾರಕ್ಕೊಂದು ದಿನ ರಜೆ, ಆ ದಿನಕ್ಕೆ ಓಣಿಯ ಇನ್ನೊಬ್ಬ ಹೆಣ್ಣುಮಗಳಿಗೆ ದಿನಗೂಲಿ. ರಾತ್ರಿ ಮೂರು ಸಲಕ್ಕಿಂತ ಹೆಚ್ಚು ಏಳಬೇಕಾದ ವಾರ ಬಂದರೆ ಮನೆಯವರು ಬರಬೇಕು ಇಲ್ಲವೆ ರಾತ್ರಿಗೆ ಬೇರೆಯವರನ್ನು ಇಡಬೇಕು. ನೆಂಟರ ಅಡುಗೆ, ನೆಂಟರ ಬಟ್ಟೆ ಆಕೆಯ ಕೆಲಸವಲ್ಲ. ಆಯಿ ಉಣ್ಣುವುದನ್ನೇ, ಅದೇ ಹೊತ್ತಿಗೆ, ಅದೇ ತಾಟಿನಲ್ಲಿ ಆಕೆಯೂ ಉಣ್ಣಬೇಕು. ಇದನ್ನು ಬರೆದೇ ಇಡಬೇಕು. ಬೇರೆ ತಾಟು, ಬೇರೆ ಲೋಟ ಇಡುವ ಮನೆಗಳು ಇನ್ನೂ ಇವೆ, ಅಲ್ಲಿ ಯಾವ ಹೆಣ್ಣುಮಗಳೂ ಮನಸ್ಸಿಟ್ಟು ಉಳಿಯುವುದಿಲ್ಲ, ಉಳಿಯಲೂ ಬಾರದು. ಮನೆಗೆಲಸವನ್ನು ಕರ್ನಾಟಕ 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ತಂದಿದೆ, ಇದು ದಯೆಯ ಮಾತಲ್ಲ. ಮಗಳೇ ಕೂತು ಆಕೆಗೆ ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಮಾಡಿಸಿಕೊಟ್ಟಳು. ಪೊಲೀಸ್ ಪರಿಶೀಲನೆಯನ್ನೂ ಆಕೆಗೆ ತಿಳಿಸಿಯೇ ಮಾಡಿಸಿದರು. ಕಿರಾಣಿ ಖರ್ಚಿಗೆ ಬೇರೆ ವಹಿ. ಬಂಗಾರ ಬ್ಯಾಂಕಿನ ಲಾಕರಿಗೆ ಹೋಯಿತು, ಎಟಿಎಂ ಪಿನ್ ಆಕೆಗೆ ಹೇಳುವುದಿಲ್ಲ. ನಾಳೆ ಏನಾದರೂ ಕಾಣೆಯಾದರೆ ಆಕೆಯ ಮೇಲೆ ಸಂಶಯ ಬಾರದಿರಲಿ ಎಂಬುದೂ ಇದಕ್ಕೆ ಕಾರಣ.

ಫ್ರಿಜ್ಜಿನ ಮೇಲೆ 108, ಹಿರಿಯರ ಸಹಾಯವಾಣಿ 14567, ಮಗಳ ನಂಬರು, ಎದುರು ಮನೆಯವರ ನಂಬರು ದಪ್ಪಕ್ಷರದಲ್ಲಿವೆ.

ಒಂಬತ್ತನೇ ತಿಂಗಳು

ಕುರ್ಚಿಯ ಎಣಿಕೆ 9. ಇನ್ನೂ 10 ಆಗಿಲ್ಲ. ತೂಕ 52ರಿಂದ ಮಾರ್ಚಿನಲ್ಲಿ 48ಕ್ಕೆ ಇಳಿದದ್ದು ಈಗ 51. ಸೋಡಿಯಂ 138. ಮನೆಯೊಳಗೆ ಕೋಲು, ಹೊರಗೆ ವಾಕರು. ಸಂಜೆ ಎದುರು ಮನೆಯ ಕಟ್ಟೆಯವರೆಗೆ ಹೋಗಿ ಅರ್ಧ ತಾಸು ಕೂತು ಬರುತ್ತಾರೆ. ಪಡಸಾಲೆಯಲ್ಲಿ ನೆಂಟರಿದ್ದರೆ ಕಮೋಡ್ ಕುರ್ಚಿ ಬೇಡವೆನ್ನುತ್ತಾರೆ, ಹಿತ್ತಲಿಗೇ ಹೋಗಬೇಕು ಅವರಿಗೆ. ಆಗ ಆಕೆ ಟವೆಲ್ ಹಿಡಿದು ಹಿಂದೆ ಹೋಗುತ್ತಾಳೆ. ಮುಂದಿನ ಮೂರು ಪಾವಟಿಗೆಗೆ ಸರಳು ಹಾಕಿಸುವುದು ಇನ್ನೂ ಬಾಕಿ.

ಮುಂದಿನ ಜನವರಿಯಲ್ಲಿ ಆಕೆಯ ಮಗಳ ಮದುವೆ, 20 ದಿನ ರಜೆ. ಆ ದಿನಗಳಿಗೆ ವಾರದ ರಜೆಗೆ ಬರುವ ಓಣಿಯ ಹೆಣ್ಣುಮಗಳೇ ಹಗಲು ರಾತ್ರಿ ಉಳಿಯುತ್ತಾಳೆ. ನಾಲ್ಕು ದಿನ ಮೊದಲೇ ಬಂದು ಇಬ್ಬರೂ ಕೂಡಿ ಮಾಡಬೇಕು, ಎರಡು ರಾತ್ರಿ ಹೊಸಬಳೇ ಕರೆಗಂಟೆಗೆ ಎದ್ದು ನೋಡಬೇಕು ಎಂದು ವಹಿಯ ಕೊನೆಯ ಪುಟದಲ್ಲಿ ಬರೆದಿದೆ. ಅದರ ಕೆಳಗೆ ಆಯಿಯ ಕೈಬರಹದ ಒಂದು ಸಾಲೂ ಇದೆ: ಹೊಸಬಳಿಗೆ ಹಿಟ್ಟಿನ ಎಸರಿನ ಹದ ನಾನೇ ತೋರಿಸುತ್ತೇನೆ.